ಬಸ್ಸಿಗೆ ಟರ್ಬೊ ಸರಿ, ಫೆರಾರಿಗೆ ಯಾಕೆ ಮಾರಾಯ್ರೆ?

ಮೊನ್ನೆ ನನ್ನ 2010ರ ಹೋಂಡಾ ಸಿಟಿಯ ಆಯಿಲ್ ಬದಲಿಸಲು ಬದಿಯಡ್ಕಕ್ಕೆ ಹೋಗಿದ್ದೆ. ವರ್ಕ್‌ಶಾಪ್‌ನ ಬೆಂಚಿನ ಮೇಲೆ ಯಾರದೋ ಕಾರಿನ ಟರ್ಬೊ ಬಿಚ್ಚಿಟ್ಟಿತ್ತು. ಮೆಕ್ಯಾನಿಕ್ ಇಚ್ಚ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು "ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿ ಭಟ್ರೆ" ಎಂದರು. ಮಕ್ಕಳ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಒಳಗಿನ ಪುಟ್ಟ ರೆಕ್ಕೆಗಳ ತುದಿಗಳೆಲ್ಲ ಗೋಡೆಗೆ ಉಜ್ಜಿ ಸವೆದಿದ್ದವು. ಕಾರಿನ ಯಜಮಾನರು ಆಯಿಲ್ ಬದಲಿಸುವುದನ್ನು ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಾ ದೂಡಿದ್ದರಂತೆ.

ನೋಡಲು ಥೇಟ್ ಬಸವನಹುಳು. ಮಳೆಗಾಲದಲ್ಲಿ ನಮ್ಮ ತೋಟದ ತುಂಬ ಹರಿದಾಡುತ್ತವಲ್ಲ, ಅದೇ ಆಕಾರ. ಹುಳುವಿಗೆ ಇಲ್ಲದ ಅವಸರ ಎಲ್ಲ ಇದಕ್ಕೆ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಬದಿಯ ಚಕ್ರವನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಜಾಸ್ತಿ ಆದರೆ ಪೆಟ್ರೋಲೂ ಜಾಸ್ತಿ ಸುಡಬಹುದು, ಶಕ್ತಿಯೂ ಜಾಸ್ತಿ. ತಿರುಗುವ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದರ ಪೇಟೆಂಟ್ ತೆಗೆದುಕೊಂಡಿದ್ದ. ಎಸೆದುಬಿಡುವ ಹೊಗೆಯಿಂದ ಕೆಲಸ ತೆಗೆಯುವುದು ಅಂದರೆ ಅಡಿಕೆ ಸಿಪ್ಪೆಯಲ್ಲಿ ಬಚ್ಚಲೊಲೆ ಉರಿಸಿದ ಹಾಗೆ. ಬುದ್ಧಿವಂತಿಕೆ ಇಲ್ಲ ಎನ್ನಲು ಆಗುವುದಿಲ್ಲ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನನಗೆ ಟರ್ಬೊ ಮೇಲೆ ದ್ವೇಷ ಇಲ್ಲ. ನಾನು ಶಾಲೆಗೆ ಹೋಗುತ್ತಿದ್ದ ಬಸ್ಸಿನ ಗಾಜಿನ ಮೇಲೆ ದೇವರ ಹೆಸರಿಗಿಂತ ದೊಡ್ಡದಾಗಿ 'ಟರ್ಬೊ' ಅಂತ ಬರೆದಿತ್ತು. ಚಡಾವು ಹತ್ತುವಾಗ ಅದು ಹಾಕುವ ಸಿಳ್ಳೆ ಎರಡು ತಿರುವು ಆಚೆಗೆ ಕೇಳುತ್ತಿತ್ತು, ಅದನ್ನು ಕೇಳಿಯೇ ನಾವು ಅಂಗಳದಿಂದ ಓಡುತ್ತಿದ್ದೆವು. ಅರುವತ್ತು ಜನರನ್ನು ಹೊತ್ತು ಹತ್ತುವ ಡೀಸೆಲ್ ಬಸ್ಸಿಗೆ ಕೆಳಗಿನ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗಲೇ, ಎಳೆತ ಬೇಕು. ಟರ್ಬೊ ಅಲ್ಲಿಗೆ ಹೇಳಿ ಮಾಡಿಸಿದ್ದು.

ನನ್ನ ತಕರಾರು ಸ್ಪೋರ್ಟ್ಸ್ ಕಾರುಗಳದ್ದು.

ಕಾಸರಗೋಡಿನವರಿಗೆ ದುಬೈ ಅಂದರೆ ಮಂಗಳೂರಿನ ನಂತರದ ಸ್ಟಾಪ್ ಅಲ್ವಾ, ನಾನೂ ಅಲ್ಲಿ ಐದು ವರ್ಷ ಇದ್ದೆ. ಬಾಡಿಗೆಗೆ ಕಾರು ಕೊಡುವ ಕಡೆ ಕೆಲಸಕ್ಕಿದ್ದ ಕುಂಬಳೆಯ ಗೆಳೆಯನೊಬ್ಬ 2013ರಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಫೆರಾರಿ 458ರಲ್ಲಿ ಕೂರಿಸಿಕೊಂಡು ಹೋದ. ಹದಿನೈದೇ ನಿಮಿಷ. 4.5 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಟರ್ಬೊ ಇಲ್ಲ, 9000 ಆರ್‌ಪಿಎಂ ತನಕ ತಿರುಗುತ್ತದೆ, 570 ಕುದುರೆಗಳ ಶಕ್ತಿ. ಈ ಅಂಕೆಗಳೆಲ್ಲ ನನಗೆ ಮೊದಲೇ ಬಾಯಿಪಾಠ. ಗೊತ್ತಿರದೆ ಇದ್ದದ್ದು ಅದು ಏರುವ ರೀತಿ. 4000ದಲ್ಲಿ ಒಂದು ಸ್ವರ, 6000ದಲ್ಲಿ ಬೇರೆ, ಇನ್ನು ಮುಗಿಯಿತು ಅಂದುಕೊಳ್ಳುವಾಗ 7500ರ ಆಚೆ ಇನ್ನೂ ಒಂದು ಬಾಗಿಲು ತೆರೆದ ಹಾಗೆ. ಯಕ್ಷಗಾನದ ಆಟದಲ್ಲಿ ಬೆಳಗಿನ ಜಾವ ಭಾಗವತರು ಏರು ಪದ್ಯ ಎತ್ತಿದಾಗ ಚೆಂಡೆಯೂ ಜೊತೆಗೆ ಏರುತ್ತಾ, ನಿದ್ದೆ ತೂಗುತ್ತಿದ್ದವರು ಸೀದಾ ಕೂರುತ್ತಾರಲ್ಲ, ಹಾಗೆ. ಗೆಳೆಯ ಕಾಲು ಎಷ್ಟು ಒತ್ತಿದನೋ ಅಷ್ಟೇ ಕೊಟ್ಟಿತು, ಆ ಕ್ಷಣವೇ ಕೊಟ್ಟಿತು.

2015ರಲ್ಲಿ ಅದರ ಜಾಗಕ್ಕೆ 488 ಬಂತು. 3.9 ಲೀಟರ್, ಎರಡು ಟರ್ಬೊ, 670 ಕುದುರೆ. ಮರುವರ್ಷ ಅದರಲ್ಲೂ ಕೂತೆ, ಅದೇ ಗೆಳೆಯನ ದಯೆ. ಬೆನ್ನಿಗೆ ಯಾರೋ ಒದ್ದ ಹಾಗೆ ಹೋಯಿತು. 458ರಲ್ಲಿ 540 ಎನ್ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಎಳೆತ, ಸಿಗಲು 6000 ಆರ್‌ಪಿಎಂ ಬೇಕಿತ್ತು, ಇದರಲ್ಲಿ 3000ಕ್ಕೇ 760. ಇಳಿದ ಮೇಲೆ ಗೆಳೆಯ ಹೇಗಾಯಿತು ಎಂದು ಕೇಳಿದ. ಸ್ಪೀಡ್ ಉಂಟು ಎಂದೆ. ಬೇರೆ ಏನೂ ಹೇಳಲು ಹೊಳೆಯಲಿಲ್ಲ.

ಒಂದು ತಮಾಷೆ ನೋಡಿ. ಆ 760 ಪೂರ್ತಿ ಸಿಗುವುದು ಏಳನೇ ಗೇರಿನಲ್ಲಿ ಮಾತ್ರ. ಕೆಳಗಿನ ಗೇರುಗಳಲ್ಲಿ ಕಂಪ್ಯೂಟರು ಟಾರ್ಕನ್ನು ಬೇಕೆಂದೇ ಹಿಡಿದಿಟ್ಟು, ಆರ್‌ಪಿಎಂ ಏರಿದ ಹಾಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಅಂದರೆ ಹಳೆಯ ಎಂಜಿನ್ ಹಾಗೆ ಅನಿಸಬೇಕು ಅಂತ! ಟರ್ಬೊ ಹಾಕಿದ ಮೇಲೆ ಏನು ಹೋಗುತ್ತದೆ ಎಂಬುದು ಫೆರಾರಿಯವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು ಅಂತಾಯಿತು.

ಅವರೊಬ್ಬರೇ ಅಲ್ಲ. ಬಿಎಂಡಬ್ಲ್ಯು ಎಂ3ಯ 8300ರಲ್ಲಿ ಹಾಡುತ್ತಿದ್ದ ವಿ8 ಹೋಗಿ 2014ರಲ್ಲಿ ಟರ್ಬೊ ಆರು ಸಿಲಿಂಡರ್ ಬಂತು. ಅದೇ ವರ್ಷ ಎಫ್1 ರೇಸಿನ ಕಾರುಗಳು ಕೂಡ 2.4 ಲೀಟರಿನ ವಿ8 ಬಿಟ್ಟು 1.6 ಲೀಟರಿನ ಟರ್ಬೊ ವಿ6ಗೆ ಹೋದವು. 2015ರಲ್ಲಿ ಪೋರ್ಷೆ 911ರ ಮಾಮೂಲಿ ಕರೇರಾಕ್ಕೂ ಟರ್ಬೊ. ಈಗ ಆ ಕಂಪನಿಯಲ್ಲಿ ಎಂಜಿನ್ನೇ ಇಲ್ಲದ ಕರೆಂಟಿನ ಟೈಕಾನ್‌ಗೂ 'ಟರ್ಬೊ' ಎಂದು ಹೆಸರಿಟ್ಟಿದ್ದಾರೆ, ಅದನ್ನು ನಮ್ಮ ಬಸ್ಸಿನವರಿಗೆ ತೋರಿಸಬೇಕು.

ಸದ್ದಿನ ಕತೆಯೂ ಅಷ್ಟೇ. ಹೊಗೆಯ ದಾರಿಗೆ ಅಡ್ಡವಾಗಿ ಒಂದು ಚಕ್ರ ಇಟ್ಟರೆ ಅದು ಹೊಗೆಯ ಜೊತೆ ಸ್ವರವನ್ನೂ ನುಂಗುತ್ತದೆ. ಬಿಎಂಡಬ್ಲ್ಯು 2011ರ ಎಂ5ಗೆ ಟರ್ಬೊ ಹಾಕಿ, ಎಂಜಿನ್ ಸದ್ದನ್ನು ಒಳಗಿನ ಸ್ಪೀಕರಿನಲ್ಲಿ ಕೇಳಿಸಿತು. ಚೆಂಡೆಯವರನ್ನು ಮನೆಗೆ ಕಳಿಸಿ ಕ್ಯಾಸೆಟ್ ಹಾಕಿ ಆಟ ಆಡಿಸಿದ ಹಾಗೆ. ಇದನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.

ಯಾಕೆ ಹೀಗಾಯಿತು ಅಂದರೆ ಹೊಗೆಯ ಕಾನೂನು. ಯುರೋಪಿನಲ್ಲಿ 2015ಕ್ಕೆ ಹೊಸ ಕಾರುಗಳ ಸರಾಸರಿ ಕಿಲೋಮೀಟರಿಗೆ 130 ಗ್ರಾಂ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕು ಎಂದು ಗುರಿ ಇಟ್ಟರು. ಆಗಿನ ಪರೀಕ್ಷೆಯೋ, ಮದುವೆ ದಿಬ್ಬಣದ ಕಾರಿನ ಹಾಗೆ ಮೆಲ್ಲಗೆ ಓಡಿಸುವಂಥದ್ದು. ಸಣ್ಣ ಟರ್ಬೊ ಎಂಜಿನ್ ಅಲ್ಲಿ ಕಡಿಮೆ ಕುಡಿದು ಸಾಧುವಿನಂತೆ ಪಾಸಾಗುತ್ತದೆ. ರಸ್ತೆಯಲ್ಲಿ ಕಾಲು ಒತ್ತಿದರೆ ಅದೂ ಸರಿಯಾಗಿಯೇ ಕುಡಿಯುತ್ತದೆ, ಓಡಿಸುವವರಿಗೆಲ್ಲ ಗೊತ್ತು. ನಮ್ಮಲ್ಲಿ 1200 ಸಿಸಿ ಮತ್ತು ನಾಲ್ಕು ಮೀಟರ್ ಉದ್ದದ ತೆರಿಗೆ ಲೆಕ್ಕದಿಂದ 1 ಲೀಟರ್ ಟರ್ಬೊಗಳು ಹುಟ್ಟಿದವಲ್ಲ, ಅದೂ ಇದೇ ಜಾತಿಯ ಕತೆ. ಅವುಗಳ ಬಗ್ಗೆ ನನಗೆ ದೂರಿಲ್ಲ, ಮನೆಯವರನ್ನು ಕೂರಿಸಿಕೊಂಡು ಮಡಿಕೇರಿಗೆ ಹತ್ತಲು ಒಳ್ಳೆಯದೇ.

ದೊಡ್ಡಪ್ಪನ ಮಗನ ಹತ್ತಿರ 1.5 ಲೀಟರಿನ ಟರ್ಬೊ ಕಾರು ಇದೆ, 150 ಕುದುರೆ. ನನ್ನ ಸಿಟಿಯದ್ದೂ 1.5 ಲೀಟರೇ, 118. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿಯಲ್ಲಿ ಅವನು ನನ್ನನ್ನು ದಾಟುವಾಗ ಕೈ ಬೀಸುತ್ತಾನೆ. "ಅಣ್ಣ, ನೀನು ಲೆಕ್ಕ ಒಪ್ಪುವುದೇ ಇಲ್ಲ" ಅನ್ನುತ್ತಾನೆ. ಒಪ್ಪುತ್ತೇನಪ್ಪಾ. ಬೇಗ ತಲುಪುವುದೇ ಮುಖ್ಯವಾದರೆ ನೀನೇ ಗೆದ್ದೆ. ಆದರೆ ಸ್ಪೋರ್ಟ್ಸ್ ಕಾರನ್ನು ಯಾರೂ ಎಲ್ಲಿಗೋ ತಲುಪಲು ಕೊಳ್ಳುವುದಿಲ್ಲ. ಅದು ಮೊದಲಿಗೇ ಪ್ರಯೋಜನ ಇಲ್ಲದ ವಸ್ತು. 0ಯಿಂದ 100ಕ್ಕೆ 3.4 ಸೆಕೆಂಡು ಇದ್ದದ್ದು 3 ಆಯಿತು ಎಂದು ಅದಕ್ಕೆ ಲೆಕ್ಕ ಹಾಕುವುದು ಸುಮ್ನೆ.

ನಾನು ಹಳೇ ಕಾಲದ ಮೋಹದಲ್ಲಿ ಮಾತಾಡುತ್ತಿದ್ದೇನೆ ಅನ್ನುವವರಿಗೆ ಒಂದು ಸಂಗತಿ. ಪೋರ್ಷೆ 2016ರಲ್ಲಿ ತನ್ನ ಕೇಮನ್‌ನ ಆರು ಸಿಲಿಂಡರ್ ತೆಗೆದು ನಾಲ್ಕರ ಟರ್ಬೊ ಹಾಕಿತು. ಸದ್ದು ಕೇಳಿ ಜನ ಮುಖ ಸಿಂಡರಿಸಿದರು. 2019ರಲ್ಲಿ ಅದೇ ಕೇಮನ್‌ನ ಜಿಟಿ4 ಮಾದರಿಗೆ ಟರ್ಬೊ ಇಲ್ಲದ 4 ಲೀಟರಿನ ಆರು ಸಿಲಿಂಡರ್ ಬಂತು, ಮರುವರ್ಷ ಜಿಟಿಎಸ್ ಮಾದರಿಗೂ ಅದೇ. ಫೆರಾರಿ 2024ರಲ್ಲೂ ಟರ್ಬೊ ಇಲ್ಲದ ವಿ12 ತಂದಿತು, 6.5 ಲೀಟರ್, 9500 ಆರ್‌ಪಿಎಂ. ಬೆಲೆ ಕೇಳಬೇಡಿ. ಹಿಂದೆ ಹೋಂಡಾದವರು ಸಾಮಾನ್ಯರ ಸಿವಿಕ್‌ನಲ್ಲಿ ಕೊಡುತ್ತಿದ್ದ ಸುಖ ಈಗ ಕೋಟಿ ಇದ್ದವರ ಪಾಲಾಯಿತಲ್ಲ, ನನ್ನ ಹೊಟ್ಟೆಯುರಿ ನಿಜವಾಗಿ ಅದಕ್ಕೇ.

ಆಯಿಲ್ ಹಾಕಿಸಿಕೊಂಡು ಬರುವಾಗ ಅಮ್ಮ ಹಿಂದಿನ ಸೀಟಿನಲ್ಲಿದ್ದರು. ಪೆರ್ಲದ ದಾರಿಯ ಚಡಾವಿನಲ್ಲಿ ಎದುರು ಯಾರೂ ಇರಲಿಲ್ಲ, ಸೆಕೆಂಡ್ ಗೇರಿಗೆ ಹಾಕಿ ಮುಳ್ಳು 6500ಕ್ಕೆ ಹೋಗುವ ತನಕ ಒತ್ತಿದೆ. ಎರಡೇ ತಿರುವು. ಅಮ್ಮ ಮುಂದೆ ಬಾಗಿ ಕೇಳಿದರು, "ಎಂಥ ಮಾರಾಯ ಇದು ಅರಚುವುದು? ಈಗಷ್ಟೇ ರಿಪೇರಿ ಮಾಡಿಸಿದ್ದಲ್ವಾ?"