ಮಗಳು ಗಡಿ ದಾಟಿದರೆ ಅಮ್ಮನೂ ದಾಟಬಹುದೇ?

ಐರೋಪ್ಯ ಒಕ್ಕೂಟದ ಒಂದು ದೇಶದ ಪ್ರಜೆ ಕೆಲಸಕ್ಕೆಂದು ಒಕ್ಕೂಟದ ಇನ್ನೊಂದು ದೇಶಕ್ಕೆ ಹೋಗುತ್ತಾರೆ. ಗಂಡ ಅಥವಾ ಹೆಂಡತಿ, 21 ತುಂಬದ ಮಕ್ಕಳು ಜೊತೆಗೆ ಬಂದರೆ ಹೆಚ್ಚಿನವರು ತಕರಾರು ತೆಗೆಯುವುದಿಲ್ಲ. ಅವರನ್ನೇ ನೆಚ್ಚಿಕೊಂಡಿರುವ ಅಪ್ಪ-ಅಮ್ಮ, ಅತ್ತೆ-ಮಾವ ಬಂದರೆ? ಅದೂ ಭಾರತದಿಂದಲೋ ಚೀನಾದಿಂದಲೋ ಬಂದರೆ? ಬರಬಹುದು, ಇರಬಹುದು ಅನ್ನುತ್ತದೆ 2004ರಲ್ಲಿ ಒಕ್ಕೂಟ ಹೊರಡಿಸಿದ 38ನೇ ನಿರ್ದೇಶನ. ಅದು ಸರಿಯೇ ಅನ್ನುವುದು ಇಲ್ಲಿನ ಪ್ರಶ್ನೆ.

ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಮೊದಲನೆಯದು ಒಂದೇ ಸಂಜೆಯಲ್ಲಿ ಮುಗಿಯಿತು. ಎರಡನೆಯದಕ್ಕೆ ಒಂದು ವಾರ ಹಿಡಿಯಿತು.

ಪರ

ಮ್ಯೂನಿಕ್‌ನ ಒಂದು ಆಫೀಸು, ಅಕ್ಕಪಕ್ಕ ಎರಡು ಕುರ್ಚಿ ಅಂದುಕೊಳ್ಳಿ. ಒಂದರಲ್ಲಿ ಫ್ರೆಂಚ್ ಪಾಸ್‌ಪೋರ್ಟ್ ಇರುವಾಕೆ. ಆಕೆಯ ಗಂಡ ಧಾರವಾಡದವನು. ಇನ್ನೊಂದರಲ್ಲಿ ಹಾಸನದ ಹುಡುಗ. ಭಾರತದ ಪೌರತ್ವ ಬಿಟ್ಟು ಜರ್ಮನ್ ಪಾಸ್‌ಪೋರ್ಟ್ ತೆಗೆದುಕೊಂಡಿದ್ದಾನೆ, ಊರಿಗೆ ಬರಲು ಒಸಿಐ ಕಾರ್ಡ್ ಇದೆ. ಇಬ್ಬರ ಮನೆಯಿಂದಲೂ ತಿಂಗಳು ತಿಂಗಳು ಊರಿಗೆ ದುಡ್ಡು ಹೋಗುತ್ತದೆ. ಅದು ನಿಂತರೆ ಊರಲ್ಲಿ ಮನೆ ಬಾಡಿಗೆಯೂ ಇಲ್ಲ, ಬಿಪಿ-ಶುಗರ್ ಮಾತ್ರೆಯೂ ಇಲ್ಲ. ಧಾರವಾಡದ ಅತ್ತೆಗೆ ಮ್ಯೂನಿಕ್‌ಗೆ ಬಂದು ಸೊಸೆಯ ಮನೆಯಲ್ಲಿ ಇರುವ ಹಕ್ಕಿದೆ. ಹಾಸನದ ಅಮ್ಮನಿಗೆ ಇಲ್ಲ.

ಯಾಕೆಂದರೆ ಒಕ್ಕೂಟದ ಹಕ್ಕು ಆಕೆಯಂತೆ ಒಂದು ದೇಶದಿಂದ ಇನ್ನೊಂದಕ್ಕೆ ಹೋದವರಿಗೆ, ಹಾಸನದ ಹುಡುಗ ಜರ್ಮನಿಯಲ್ಲೇ ಇರುವ ಜರ್ಮನ್ ಪ್ರಜೆ. ಅವನಿಗೆ ಜರ್ಮನಿಯ ಸ್ವಂತ ಕಾನೂನೇ ಗತಿ. ದೊಡ್ಡವರಾದ ಮಕ್ಕಳು ಅಪ್ಪ-ಅಮ್ಮನನ್ನು ಕರೆಸಿಕೊಳ್ಳಬೇಕಾದರೆ 'ಅಸಾಧಾರಣ ಸಂಕಷ್ಟ' ತೋರಿಸಿ ಅನ್ನುತ್ತದೆ ಆ ಕಾನೂನು. ವಯಸ್ಸಾಗಿದೆ, ಒಬ್ಬರೇ ಇದ್ದಾರೆ ಅಂದರೆ ಸಾಲದು. 2024ರ ಮಾರ್ಚ್‌ನಿಂದ ಹೊಸದಾಗಿ ಪರ್ಮಿಟ್ ಪಡೆದ ಕೆಲವು ಕುಶಲ ಕೆಲಸಗಾರರ ತಂದೆ-ತಾಯಿಗೆ ಒಂದು ಕಿಟಕಿ ತೆರೆದಿದ್ದಾರೆ. ಹತ್ತು ವರ್ಷದಿಂದ ತೆರಿಗೆ ಕಟ್ಟಿ ಪ್ರಜೆಯೇ ಆದವನಿಗೆ ಆ ಕಿಟಕಿಯೂ ಇಲ್ಲ. ಹಾಗಂತ ಫ್ರೆಂಚ್ ಹೆಂಗಸಿನ ಹಕ್ಕು ಕಿತ್ತುಕೊಳ್ಳಿ ಅನ್ನಬೇಕೇ? ಹಾಸನದವನಿಗೂ ಕೊಡಿ ಅನ್ನಬೇಕು. ನನ್ನ ವಾದ ಇಷ್ಟೇ, ಉಳಿದದ್ದು ವಿವರ.

ಈ ಹಕ್ಕು 2004ರಲ್ಲಿ ಯಾರೋ ಉದಾರವಾಗಿ ಕೊಟ್ಟದ್ದಲ್ಲ. 1968ರಲ್ಲೇ, ಇವತ್ತಿನ ಒಕ್ಕೂಟ ಇನ್ನೂ ಐರೋಪ್ಯ ಸಮುದಾಯ ಅನ್ನಿಸಿಕೊಂಡು ಅದರಲ್ಲಿ ಬರೀ ಆರು ದೇಶ ಇದ್ದಾಗಲೇ ಬಂದ 1612ನೇ ನಿಯಮದಲ್ಲಿ ಇದು ಇತ್ತು. ಇಟಲಿಯ ದಕ್ಷಿಣದಿಂದ ಜರ್ಮನಿಯ ಕಾರ್ಖಾನೆಗೆ ಜನ ಹೋಗುತ್ತಿದ್ದ ಕಾಲ ಅದು. ಕೆಲಸಗಾರನನ್ನು ನೆಚ್ಚಿಕೊಂಡ ಅಪ್ಪ-ಅಮ್ಮ ಮಾತ್ರವಲ್ಲ, ಹೆಂಡತಿಯ ಅಪ್ಪ-ಅಮ್ಮನೂ ಬರಬಹುದು, ಅವರು ಯಾವ ದೇಶದವರಾದರೂ ಸರಿ ಎಂದು ಬರೆದಿದ್ದರು. ಲೆಕ್ಕಾಚಾರ ಸರಳ. ಮುದಿ ತಾಯಿಯನ್ನು ಬಿಟ್ಟು ಹೋಗಬೇಕು ಅಂದರೆ ಎಷ್ಟೋ ಜನ ಹೊರಡುವುದೇ ಇಲ್ಲ. ಹೊರಡದಿದ್ದರೆ ಒಂದೇ ಮಾರುಕಟ್ಟೆ ಅನ್ನುವ ಮಾತು ಕಾಗದದ ಮೇಲೇ ಉಳಿಯುತ್ತದೆ. ಓಡಾಡುವ ಸ್ವಾತಂತ್ರ್ಯ ಮರ್ಯಾದೆಯಿಂದ ಬಳಸುವಂತಿರಬೇಕಾದರೆ ಮನೆಯವರಿಗೂ ಅದು ಸಿಗಬೇಕು ಎಂದು 2004ರ ನಿರ್ದೇಶನದ ಪೀಠಿಕೆಯೇ ಹೇಳುತ್ತದೆ.

ನೆಚ್ಚಿಕೊಂಡವರು ಅಂದರೆ ಯಾರು? ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ಇಲ್ಲಿ ಮನುಷ್ಯರ ಬದುಕು ಗೊತ್ತಿರುವವರ ಹಾಗೆ ನಡೆದುಕೊಂಡಿದೆ. 1987ರ ಲೆಬೋನ್ ತೀರ್ಪಿನಲ್ಲಿ, ಯಾಕೆ ನೆಚ್ಚಿಕೊಂಡಿದ್ದಾರೆ ಎಂದು ಕೇಳಬೇಡಿ, ನೆಚ್ಚಿಕೊಂಡಿದ್ದಾರೋ ಇಲ್ಲವೋ ಅಷ್ಟು ನೋಡಿ ಎಂದಿತು. 2007ರ ಜಿಯಾ ಪ್ರಕರಣ ಸ್ವೀಡನ್‌ನದು. ಜರ್ಮನ್ ಸೊಸೆ, ಚೀನಾದ ಮಗ, ಚೀನಾದಿಂದ ಬಂದ ಅಮ್ಮ. ತಾಯ್ನಾಡಿನಲ್ಲಿ ಮೂಲ ಅಗತ್ಯಗಳಿಗೆ ಇವರ ನೆರವು ಬೇಕಿತ್ತು ಎಂದು ತೋರಿಸಬೇಕು, ಸರಿಯಾದ ಯಾವ ಪುರಾವೆಯಾದರೂ ನಡೆಯುತ್ತದೆ ಎಂದಿತು. ಬರೀ 'ನಾವು ನೋಡಿಕೊಳ್ಳುತ್ತೇವೆ' ಎಂದು ಬರೆದುಕೊಟ್ಟರೆ ಸಾಲದು ಎಂದೂ ಹೇಳಿತು. 2014ರ ರೆಯೆಸ್ ತೀರ್ಪು 21 ದಾಟಿದ ಮಗಳದು. ಬಹಳ ಕಾಲದಿಂದ ತಪ್ಪದೆ ದುಡ್ಡು ಬರುತ್ತಿದ್ದರೆ, ಊರಲ್ಲಿ ಕೆಲಸ ಹುಡುಕಿದ್ದೆಯಾ ಎಂದು ಆಕೆಯನ್ನು ಕಾಡಬೇಕಾಗಿಲ್ಲ ಎಂದಿತು.

ಇದನ್ನು ಬ್ರಿಟನ್ನಿನ ಸ್ವಂತ ನಿಯಮದ ಪಕ್ಕದಲ್ಲಿಟ್ಟು ನೋಡಿ. 2012ರ ಜುಲೈನಿಂದ ಅಲ್ಲಿನ ಪ್ರಜೆ ತನ್ನ ಅಮ್ಮನನ್ನು ಕರೆಸಿಕೊಳ್ಳಬೇಕಾದರೆ ಎರಡು ತೋರಿಸಬೇಕು. ಸ್ನಾನ, ಬಟ್ಟೆ, ಅಡುಗೆಯಂಥ ದಿನದ ಕೆಲಸಕ್ಕೂ ಅಮ್ಮನಿಗೆ ಇನ್ನೊಬ್ಬರ ಕೈ ಬೇಕು. ಮತ್ತೆ, ಮಗ ದುಡ್ಡು ಕೊಟ್ಟರೂ ಅಂಥ ಆರೈಕೆ ಆ ಊರಲ್ಲಿ ಸಿಗಬಾರದು. ಬೆಂಗಳೂರಿನಲ್ಲಿ ಹೋಮ್ ನರ್ಸ್ ಸಿಗುತ್ತಾರಲ್ವಾ? ಮುಗಿಯಿತು. ಅಮ್ಮ ಹಾಸಿಗೆ ಹಿಡಿದಿದ್ದರೂ ಬಾಗಿಲು ತೆರೆಯುವುದಿಲ್ಲ. ಅಷ್ಟರ ಮಟ್ಟಿಗೆ ಹಾಸಿಗೆ ಹಿಡಿದವರು ಹತ್ತು ಗಂಟೆ ವಿಮಾನದಲ್ಲಿ ಕೂರುವುದು ಹೇಗೆ ಅನ್ನುವುದು ಬೇರೆ ಮಾತು. ಒಕ್ಕೂಟದ ನಿಯಮ ಅಮ್ಮ ಓಡಾಡಿಕೊಂಡಿರುವಾಗಲೇ, ಮೊಮ್ಮಗುವನ್ನು ಎತ್ತಿಕೊಳ್ಳುವ ಶಕ್ತಿ ಇರುವಾಗಲೇ ಬರಲು ಬಿಡುತ್ತದೆ.

ಹಾಸನದವನಿಗೆ ದಾರಿಯೇ ಇಲ್ಲ ಅಂತಲ್ಲ. ಅವನು ಕೆಲಸ ಹಿಡಿದು ಆಮ್‌ಸ್ಟರ್‌ಡ್ಯಾಮ್‌ಗೆ ಹೋದರೆ ಅಲ್ಲಿ ಅವನಿಗೂ ಈ ಹಕ್ಕು ಬರುತ್ತದೆ. ಅಮ್ಮನ ಪ್ರವೇಶದ ವೀಸಾಕ್ಕೆ ಶುಲ್ಕ ಕೂಡ ಇಲ್ಲ. ಅರ್ಜಿ ಹಾಕಿದ ಆರು ತಿಂಗಳೊಳಗೆ ರೆಸಿಡೆನ್ಸ್ ಕಾರ್ಡ್ ಕೊಡಬೇಕು. ಐದು ವರ್ಷ ಸರಿಯಾಗಿ ಇದ್ದರೆ ಕಾಯಂ ವಾಸ. ಆಮೇಲೆ ಅವನು ಅಮ್ಮನ ಜೊತೆ ಜರ್ಮನಿಗೆ ವಾಪಸ್ ಬಂದರೂ ಹಕ್ಕು ಜೊತೆಗೇ ಬರುತ್ತದೆ. ಈ ಕೊನೆಯ ಮಾತು ಗಟ್ಟಿಯಾದದ್ದು 1992ರಲ್ಲಿ, ಒಬ್ಬ ಭಾರತೀಯನ ಪ್ರಕರಣದಿಂದ. ಬ್ರಿಟಿಷ್ ಹೆಂಡತಿಯ ಜೊತೆ ಜರ್ಮನಿಯಲ್ಲಿ ಕೆಲಸ ಮಾಡಿ ಬ್ರಿಟನ್ನಿಗೆ ಮರಳಿದವನನ್ನು ಹೊರಗೆ ಹಾಕಲು ಸರ್ಕಾರ ಹೊರಟಿತ್ತು. ಗಡಿ ದಾಟಿ ದುಡಿದು ಬಂದವರಿಗೆ ಸ್ವಂತ ದೇಶದಲ್ಲಿ ಹಕ್ಕು ಕಡಿಮೆಯಾಗಬಾರದು ಎಂದಿತು ಕೋರ್ಟು. ಇವತ್ತಿಗೂ ಅದಕ್ಕೆ 'ಸುರಿಂದರ್ ಸಿಂಗ್ ದಾರಿ' ಅಂತಲೇ ಹೆಸರು.

ಇದು ಧಾರಾಳ ಅನ್ನುವವರು ಇದರ ಬಿಗಿಯನ್ನೂ ನೋಡಬೇಕು. ಓದಲು ಹೋದವರು ಇದೇ ಹಕ್ಕಿನ ಮೇಲೆ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವಂತಿಲ್ಲ. ಕಾಯಂ ವಾಸ ಸಿಗುವ ತನಕ ಅಮ್ಮನ ಹಕ್ಕು ಅಮ್ಮನದಲ್ಲ, ಮಗಳದು. ಮಗಳು ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋದರೆ ಅಮ್ಮನೂ ಗಂಟುಮೂಟೆ ಕಟ್ಟಬೇಕು. ಇಷ್ಟು ಸಣ್ಣ ಎಳೆಯ ಮೇಲೆ ನಿಂತಿರುವುದನ್ನೂ ಕತ್ತರಿಸಿ ಅನ್ನುವುದು ಯಾವ ನ್ಯಾಯ?

ವಿರೋಧ

ಕೋಪನ್‌ಹೇಗನ್‌ನಿಂದ ಸ್ವೀಡನ್ನಿನ ಮಾಲ್ಮೋಗೆ ಸಮುದ್ರದ ಮೇಲೆ ಒಂದು ಸೇತುವೆ ಇದೆ. 2000ದಲ್ಲಿ ಶುರುವಾಯಿತು, ಸುಮಾರು 8 ಕಿ.ಮೀ. ಉದ್ದ. 2002ರಲ್ಲಿ ಡೆನ್ಮಾರ್ಕ್ ತನ್ನ ಕಾನೂನು ಬಿಗಿ ಮಾಡಿತು. ವಿದೇಶಿಯನ್ನು ಮದುವೆಯಾಗಿ ಕರೆತರಬೇಕಾದರೆ ಇಬ್ಬರಿಗೂ 24 ತುಂಬಿರಬೇಕು. 60 ದಾಟಿದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವ ಹಕ್ಕನ್ನೂ ತೆಗೆದುಹಾಕಿದರು. ಜನ ಏನು ಮಾಡಿದರು? ಮಾಲ್ಮೋದಲ್ಲಿ ಮನೆ ಹಿಡಿದರು. ಬೆಳಗ್ಗೆ ರೈಲಿನಲ್ಲಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ, ಸಂಜೆ ವಾಪಸ್. ಸೇತುವೆಯ ಆಚೆ ಮಲಗಿದರೆ ಒಕ್ಕೂಟದ ಹಕ್ಕು, ಈಚೆ ಮಲಗಿದರೆ ಡೆನ್ಮಾರ್ಕಿನ ಕಾನೂನು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ನಾನು ಅವರನ್ನು ಬೈಯುವುದಿಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ನಾನು ಕೇಳುವುದು ಬೇರೆ. ತನ್ನ ಜನ ಮತ ಹಾಕಿ ಮಾಡಿಕೊಂಡ ಕಾನೂನನ್ನು ರೈಲಿನ ಪಾಸು ಕೊಂಡವರು ದಾಟಿಹೋಗುವಂತಿದ್ದರೆ, ಆ ಕಾನೂನು ಯಾರಿಗಾಗಿ ಉಳಿಯಿತು? ಗಡಿಯ ಆಚೆ ಬಾಡಿಗೆ ಮನೆ ಹಿಡಿಯಲಾಗದವರಿಗೆ, ಕೆಲಸ ಬದಲಿಸಲಾಗದವರಿಗೆ ಮಾತ್ರ.

ಇದೇ ಮಾತಿಗೆ ನಮ್ಮ ಪಕ್ಕದ ಉದಾಹರಣೆಯೂ ಇದೆ. ಕಾರವಾರ ದಾಟಿದರೆ ಗೋವಾ. 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರು, ಅವರ ಮಕ್ಕಳು ಪೋರ್ಚುಗಲ್ ಪೌರತ್ವ ಪಡೆಯಬಹುದು. ಬ್ರೆಕ್ಸಿಟ್‌ಗೆ ಮೊದಲು ಹಾಗೆ ಪಡೆದ ಎಷ್ಟೋ ಜನ ಸೀದಾ ಹೋದದ್ದು ಇಂಗ್ಲೆಂಡಿನ ಸ್ವಿಂಡನ್‌ನಂಥ ಊರುಗಳಿಗೆ. ಲಿಸ್ಬನ್ ನೋಡಿಯೇ ಇಲ್ಲದ ಆ ಪೋರ್ಚುಗೀಸ್ ಪ್ರಜೆಗೆ ಸ್ವಿಂಡನ್‌ನಲ್ಲಿ ಅಮ್ಮನನ್ನು ಕರೆಸಿಕೊಳ್ಳುವ ಹಕ್ಕಿತ್ತು. ಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದ ಬ್ರಿಟಿಷ್ ಪ್ರಜೆಗೆ ಹೋಮ್ ನರ್ಸಿನ ಆ ನಿಯಮ. ಮನೆಗೆ ಮಾರಿ, ಊರಿಗೆ ಉಪಕಾರಿ. 'ಹಾಗಾದರೆ ಬ್ರಿಟಿಷರಿಗೂ ಕೊಡಿ' ಅನ್ನುವುದು ಸುಲಭ. ಆದರೆ ಯಾರಿಗೆ ಎಷ್ಟು ಕೊಡಬೇಕು ಎಂದು ತೀರ್ಮಾನಿಸುವವರು ತೆರಿಗೆ ಕಟ್ಟುವ ಅಲ್ಲಿನ ಜನ. ಅವರು ಬೇಡ ಅಂದಾಗಿದೆ. ಅವರ ಮಾತು ಅವರಿಗೇ ಅನ್ವಯಿಸಿ ಹೊರಗಿನವರಿಗೆ ಅನ್ವಯಿಸದಿದ್ದರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ನನಗೆ ಇದಕ್ಕಿಂತ ಜಾಸ್ತಿ ಚುಚ್ಚುವುದು 'ನೆಚ್ಚಿಕೊಂಡವರು' ಅನ್ನುವ ಪದ. ಮೇಲೆ ಅದನ್ನು ಹೊಗಳಿದೆ. ಅದೇ ಪದ ಊರಿನ ಮನೆಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ರಿಟೈರ್ ಆದ ಮೇಷ್ಟ್ರಮ್ಮ ಒಬ್ಬರಿದ್ದಾರೆ ಅಂದುಕೊಳ್ಳಿ. ಸರ್ಕಾರದ ಪಿಂಚಣಿ ಬರುತ್ತದೆ, ಸ್ವಂತ ಮನೆ ಇದೆ. ಯಜಮಾನರು ತೀರಿಕೊಂಡು ಮೂರು ವರ್ಷ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಬೆಳಗಿನ ತನಕ ಅಲ್ಲೇ ಇದ್ದರು. ಆದರೆ ಅವರ ಊಟ, ಔಷಧಿ ಮಗಳ ದುಡ್ಡಿನಿಂದ ನಡೆಯುತ್ತಿಲ್ಲ. ಹಾಗಾಗಿ ಅವರು ನೆಚ್ಚಿಕೊಂಡವರಲ್ಲ. ಒಂಟಿತನ ಲೆಕ್ಕಕ್ಕಿಲ್ಲ. ಪಕ್ಕದ ಬೀದಿಯಲ್ಲಿ ಗಂಡ-ಹೆಂಡತಿ ಗಟ್ಟಿಮುಟ್ಟಾಗಿದ್ದಾರೆ, ಇನ್ನಿಬ್ಬರು ಮಕ್ಕಳು ಊರಲ್ಲೇ ಇದ್ದಾರೆ, ಆದರೆ ಖರ್ಚೆಲ್ಲ ವಿದೇಶದ ಮಗನದು. ಅವರು ನೆಚ್ಚಿಕೊಂಡವರು. ಯಾಕೆ ಎಂದು ಕೇಳಬೇಡಿ ಎಂದು 1987ರಲ್ಲೇ ಹೇಳಿಯಾಗಿದೆ.

ಕೇಳದಿದ್ದರೆ ಏನಾಗುತ್ತದೆ? ರಸೀದಿಗಳು ಮಾತಾಡುತ್ತವೆ. ನನ್ನ ಪರಿಚಯದ ಒಬ್ಬರು ವರ್ಷಗಟ್ಟಲೆ ಊರಿಗೆ ಬಂದಾಗಲೆಲ್ಲ ಅಮ್ಮನ ಕೈಗೆ ನೋಟಿನ ಕಟ್ಟು ಕೊಟ್ಟು ಹೋಗುತ್ತಿದ್ದರು. ಅರ್ಜಿ ಹಾಕಿದಾಗ ಬ್ಯಾಂಕಿನ ದಾಖಲೆ ಕೇಳಿದರು. ಕೈಗೆ ಕೊಟ್ಟ ದುಡ್ಡಿಗೆ ರಸೀದಿ ಎಲ್ಲಿಂದ ತರೋಣ? ಇನ್ನೊಬ್ಬರು ಮೊದಲೇ ವಕೀಲರನ್ನು ಕೇಳಿ, ಅಮ್ಮನಿಗೆ ಬೇಕಿಲ್ಲದಿದ್ದರೂ ಒಂದು ವರ್ಷ ಮೊದಲಿನಿಂದ ತಪ್ಪದೆ ಖಾತೆಗೆ ದುಡ್ಡು ಹಾಕಿದರು. ಅವರ ಫೈಲು ಚೆನ್ನಾಗಿತ್ತು. ನಿಜವಾಗಿ ಸಾಕಿದವರು ಹಿಂದೆ ಉಳಿದರು, ಸಾಕಿದಂತೆ ಕಾಣಿಸಿದವರು ಮುಂದೆ ಹೋದರು.

ಇನ್ನು ಖರ್ಚು. ಕೆಲಸ ಮಾಡದೆ ಉಳಿತಾಯದ ಮೇಲೆ ಬದುಕುವ ಯುರೋಪ್ ಪ್ರಜೆ ಬೇರೆ ದೇಶಕ್ಕೆ ಹೋದರೆ ಸಾಕಷ್ಟು ದುಡ್ಡಿದೆ, ಪೂರ್ತಿ ಆರೋಗ್ಯ ವಿಮೆ ಇದೆ ಎಂದು ತೋರಿಸಬೇಕು. ಕೆಲಸಗಾರರಿಗೆ ಆ ಶರತ್ತಿಲ್ಲ. ಇಷ್ಟು ಸಂಬಳ ಇರಲೇಬೇಕು ಅನ್ನುವುದೂ ಇಲ್ಲ. ಕೆಲಸ ನಿಜವಾದದ್ದಾಗಿದ್ದರೆ ಅರ್ಧ ದಿನದ್ದೂ ನಡೆಯುತ್ತದೆ ಎಂದು 1982ರಿಂದಲೂ ಕೋರ್ಟು ಹೇಳುತ್ತಾ ಬಂದಿದೆ. ಹಾಗಾದರೆ ಜೊತೆಗೆ ಬಂದ ಎಪ್ಪತ್ತು ವರ್ಷದವರ ಮಂಡಿ ಆಪರೇಷನ್ನು, ಆಮೇಲಿನ ಆರೈಕೆ?

2023ರ ಡಿಸೆಂಬರ್ 21ರ ತೀರ್ಪು ಓದಿದ ಮೇಲೆ ಈ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ ಅನ್ನಿಸುತ್ತದೆ. ಐರ್ಲೆಂಡಿನಲ್ಲಿ ಕೆಲಸ ಮಾಡುವ ರೊಮೇನಿಯಾ ಮೂಲದ ಮಗಳು. ಅವಳನ್ನೇ ನೆಚ್ಚಿಕೊಂಡು ಬಂದ ತಾಯಿಗೆ ಸಂಧಿವಾತ ಹೆಚ್ಚಾಯಿತು. ಅಂಗವಿಕಲರ ಭತ್ಯೆಗೆ ಅರ್ಜಿ ಹಾಕಿದರು. ಭತ್ಯೆ ಕೊಟ್ಟರೆ ನೀವು ಮಗಳನ್ನಲ್ಲ, ನಮ್ಮನ್ನು ನೆಚ್ಚಿಕೊಂಡ ಹಾಗಾಗುತ್ತದೆ, ಆಗ ಇಲ್ಲಿರುವ ಹಕ್ಕೇ ಹೋಗುತ್ತದೆ ಎಂದು ಐರ್ಲೆಂಡ್ ವಾದಿಸಿತು. ವಾದದಲ್ಲಿ ತಪ್ಪೇನಿದೆ? ಕೋರ್ಟು ಒಪ್ಪಲಿಲ್ಲ. ಕೆಲಸಗಾರಳ ತಾಯಿಗೆ ಅಲ್ಲಿನವರಷ್ಟೇ ಹಕ್ಕು, ಸರ್ಕಾರದ ಮೇಲೆ ಹೊರೆ ಅನ್ನುವ ಕಾರಣಕ್ಕೆ ಭತ್ಯೆ ತಡೆಯುವಂತಿಲ್ಲ ಎಂದಿತು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಅನ್ನುತ್ತೇವಲ್ಲ, ಹಾಗೆ. ಆ ತಾಯಿಯ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಬಾಗಿಲಲ್ಲಿ 'ಮಗಳೇ ಸಾಕುತ್ತಾಳೆ' ಅನ್ನುವ ಮಾತಿನ ಮೇಲೆ ಒಳಗೆ ಬಿಟ್ಟು, ಒಳಗೆ ಬಂದ ಮೇಲೆ ಆ ಮಾತಿಗೆ ಬೆಲೆ ಇಲ್ಲ ಅಂದರೆ, ಬಾಗಿಲಲ್ಲಿ ಆ ಮಾತು ಯಾಕೆ ಕೇಳಿದಿರಿ?

ಗಂಡ, ಹೆಂಡತಿ, ಚಿಕ್ಕ ಮಕ್ಕಳ ಹಕ್ಕು ಈಗಿರುವಂತೆ ಇರಲಿ. ಅಪ್ಪ-ಅಮ್ಮನ ವಿಷಯವನ್ನು ಆಯಾ ದೇಶಕ್ಕೇ ಬಿಡಿ, ಆದರೆ ಒಂದು ಶರತ್ತಿನ ಮೇಲೆ: ಸ್ವಂತ ಪ್ರಜೆಗೆ ಯಾವ ನಿಯಮವೋ ಪಕ್ಕದ ದೇಶದ ಪ್ರಜೆಗೂ ಅದೇ. ಕಠಿಣ ಇರಲಿ, ಸಡಿಲ ಇರಲಿ, ಎಲ್ಲರಿಗೂ ಒಂದೇ. ಕಠಿಣವಾದರೆ ಹೆಚ್ಚಿನ ಅಮ್ಮಂದಿರಿಗೆ ಷೆಂಗೆನ್ ವೀಸಾ ಅಷ್ಟೇ ಉಳಿಯುತ್ತದೆ. 180 ದಿನದಲ್ಲಿ 90 ದಿನ ಇದ್ದು, ಉಪ್ಪಿನಕಾಯಿ ಡಬ್ಬಿ ಖಾಲಿ ಮಾಡಿಕೊಂಡು ವಾಪಸ್. ಗೊತ್ತು, ಅದು ಸಾಲದು.

ಆಗ ಧಾರವಾಡದ ಅತ್ತೆ, ಹಾಸನದ ಅಮ್ಮ ಇಬ್ಬರೂ ಬೆಂಗಳೂರಿನ ವೀಸಾ ಸೆಂಟರಿನಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಬ್ಬರ ಕೈಯಲ್ಲೂ ಅಷ್ಟೇ ದಪ್ಪದ ಫೈಲು. ಒಬ್ಬರದರಲ್ಲಿ ಸೊಸೆಯ ಫ್ರೆಂಚ್ ಪಾಸ್‌ಪೋರ್ಟಿನ ಜೆರಾಕ್ಸ್, ಇನ್ನೊಬ್ಬರದರಲ್ಲಿ ಮಗನ ಜರ್ಮನ್ ಪಾಸ್‌ಪೋರ್ಟಿನದು. ಮ್ಯೂನಿಕ್‌ನ ಅಧಿಕಾರಿ ಆ ಪುಟವನ್ನು ತಿರುವಿ ಮುಂದಿನದಕ್ಕೆ ಹೋಗುತ್ತಾರೆ.