ಮೀಟರ್ ಸರ್ಕಾರದ್ದು, ಕಡ್ಡಿ ಯಾರದ್ದು?

ತಾಲ್ಲೂಕು ಮಟ್ಟದ ಕಚೇರಿಯೊಂದರ ಜೀಪಿನಲ್ಲಿ ಡೀಸೆಲ್ ಮುಗಿಯುವುದೇ ಇಲ್ಲ. ಮೀಟರಿನ ಮುಳ್ಳು ಸದಾ ಫುಲ್ ಗೆರೆಗೆ ಅಂಟಿಕೊಂಡಿರುತ್ತದೆ. ಜೀಪು ಮಾತ್ರ ಆಗಾಗ ಏರಿನಲ್ಲಿ ಕೆಮ್ಮಿ ನಿಂತುಬಿಡುತ್ತದೆ. ಆಗ ಸಾಹೇಬರು ಆಟೊ ಹಿಡಿದು ಸಭೆಗೆ ಹೋಗುತ್ತಾರೆ.

ಚಾಲಕ ಡೀಸೆಲ್ ಬೇಡಿಕೆಯ ಚೀಟಿ (ಇಂಡೆಂಟ್) ಹಿಡಿದು ನಿಂತರೆ ಗುಮಾಸ್ತರು ಕಣ್ಣೆತ್ತಲಿಲ್ಲ. "ಟ್ಯಾಂಕ್ ತುಂಬಿದೆಯಲ್ಲಪ್ಪ, ಇನ್ನೆಲ್ಲಿಗೆ ಹಾಕಿಸುತ್ತೀಯ?"

"ಕಡ್ಡಿ ಇಳಿಸಿ ನೋಡಿದೆ ಸಾರ್, ತುದಿಯೂ ಒದ್ದೆಯಾಗಲಿಲ್ಲ."

"ಮೀಟರ್ ಸರ್ಕಾರದ್ದು. ಕಡ್ಡಿ ಯಾರದ್ದು?"

ಈ ಪ್ರಶ್ನೆಗೆ ಉತ್ತರವಿಲ್ಲದ್ದರಿಂದ ಚಾಲಕ ಪೇಟೆಯ ಗ್ಯಾರೇಜಿನ ಹುಡುಗನನ್ನು ಕರೆತಂದ. ವಿಷಯ ದೊಡ್ಡದೇನಲ್ಲ. ಮನೆಯ ಮೇಲಿನ ನೀರಿನ ತೊಟ್ಟಿಯ ಚೆಂಡಿನಂತೆ ಡೀಸೆಲ್ ಟ್ಯಾಂಕಿನೊಳಗೂ ಒಂದು ಫ್ಲೋಟ್ ತೇಲುತ್ತದೆ. ಅದು ಏರಿಳಿದಂತೆ ಅದರ ತೋಳಿಗೆ ಕಚ್ಚಿಕೊಂಡ ಲೋಹದ ನಾಲಿಗೆ ಪುಟ್ಟ ಪಟ್ಟಿಯೊಂದರ ಮೇಲೆ ಜಾರುತ್ತದೆ, ವಿದ್ಯುತ್ ರೋಧ ಬದಲಾಗುತ್ತದೆ, ಮುಳ್ಳು ಅದನ್ನು ಓದುತ್ತದೆ. ಹುಡುಗ ಟ್ಯಾಂಕಿನ ಮೇಲಿನ ವೈರನ್ನು ಬಿಚ್ಚಿದ. ಮುಳ್ಳು ಸರ್ರನೆ ಖಾಲಿಗೆ ಇಳಿಯಿತು. ಬಿಚ್ಚಿದ ಮೇಲೂ ಫುಲ್ ಗೆರೆಯಲ್ಲೇ ನಿಂತಿದ್ದರೆ ವೈರು ಎಲ್ಲೋ ಜೀಪಿನ ಲೋಹದ ಮೈಗೆ ತಗುಲಿದೆ, ಇಲ್ಲವೇ ಮೀಟರೇ ಕೆಟ್ಟಿದೆ ಎನ್ನಬಹುದಿತ್ತು. ಆಮೇಲೆ ಫ್ಲೋಟನ್ನೇ ಹೊರತೆಗೆದು, ಎರಡು ತುದಿಗೆ ಮಲ್ಟಿಮೀಟರ್ ಹಿಡಿದು, ತೋಳನ್ನು ಮೇಲೆ ಕೆಳಗೆ ಆಡಿಸಿದ. ರೋಧ ತೋರಿಸುವ ಓಮ್ ಅಂಕಿ ಕದಲಲೇ ಇಲ್ಲ. "ಇದೇ ಸತ್ತಿದೆ" ಎಂದ. ತರಿಸಿಟ್ಟ ಚಹಾ ಇನ್ನೂ ಆರಿರಲಿಲ್ಲ.

ಆದರೆ ಹುಡುಗನಿಗೆ ಪತ್ತೆಹಚ್ಚುವ ಅಧಿಕಾರ ಕೊಟ್ಟವರು ಯಾರು? ಮೂವರ ಸಮಿತಿ ರಚನೆಯಾಯಿತು. ಸದಸ್ಯರು ಡ್ಯಾಶ್‌ಬೋರ್ಡಿನ ಮುಂದೆ ಸಾಲಾಗಿ ಬಗ್ಗಿ ನೋಡಿ, 'ಮುಳ್ಳು ಸುಸ್ಥಿತಿಯಲ್ಲಿದ್ದು, ಗಾಜು ಒಡೆದಿರುವುದಿಲ್ಲ' ಎಂದು ವರದಿ ಬರೆದರು. ಟ್ಯಾಂಕಿನತ್ತ ತಿರುಗಲಿಲ್ಲ, ಆದೇಶದಲ್ಲಿ ಟ್ಯಾಂಕಿನ ಉಲ್ಲೇಖ ಇರಲಿಲ್ಲ. ಬಿಡಿಭಾಗ ಕೊಳ್ಳುವ ಮಾತು ಬಂದಾಗ ಗುಮಾಸ್ತರು ಸರ್ಕಾರಿ ಖರೀದಿಗೆ ಟೆಂಡರ್ ಕರೆಯಬೇಕೆನ್ನುವ ಕರ್ನಾಟಕದ 1999ರ ಪಾರದರ್ಶಕತೆ ಅಧಿನಿಯಮವನ್ನು ಮೇಜಿನ ಮೇಲಿಟ್ಟರು. ಸಣ್ಣ ಖರೀದಿಗೆ ಅದರಲ್ಲೇ ವಿನಾಯಿತಿ ಇದೆ, ನಿಜ. ವಿನಾಯಿತಿಯ ಪುಟದವರೆಗೆ ಓದಿ ಬಡ್ತಿ ಪಡೆದವರನ್ನು ನಾನಂತೂ ಕಂಡಿಲ್ಲ. ಮೂರು ದರಪಟ್ಟಿ ಬಂದವು. ಮೂರರಲ್ಲೂ ಕೈಬರಹ ಒಂದೇ ಆಗಿದ್ದದ್ದು ಯಾರನ್ನೂ ಬಾಧಿಸಲಿಲ್ಲ.

ಅಂತೂ ಹೊಸ ಫ್ಲೋಟ್ ಬಂತು. ಚಾಲಕ ಸ್ವಂತ ದುಡ್ಡಿನಿಂದ ಹಾಕಿಸಿದ್ದ ನಾಲ್ಕಾರು ಲೀಟರನ್ನು ಮುಳ್ಳು ಪ್ರಾಮಾಣಿಕವಾಗಿ ತೋರಿಸಿತು: ಖಾಲಿ ಗೆರೆಗಿಂತ ಒಂದು ಕೂದಲೆಳೆ ಮೇಲೆ.

ಮರುದಿನವೇ ಅವನ ಕೈಗೆ ಜ್ಞಾಪನ ಬಂತು. 'ನಿನ್ನೆಯವರೆಗೆ ಭರ್ತಿಯಾಗಿದ್ದ ಟ್ಯಾಂಕ್ ಇಂದು ಬಹುತೇಕ ಖಾಲಿಯಾಗಿರುತ್ತದೆ. ಲಾಗ್ ಪುಸ್ತಕದ ಪ್ರಕಾರ ವಾಹನವು ಕಚೇರಿ ಆವರಣವನ್ನು ಬಿಟ್ಟಿರುವುದಿಲ್ಲ. ಕಾಣೆಯಾದ ಡೀಸೆಲ್ ಬಗ್ಗೆ ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ವೇತನದಿಂದ ವಸೂಲು ಮಾಡಲಾಗುವುದು.'

ಚಾಲಕ ಈಗ ಹಳೆಯ ಫ್ಲೋಟ್ ಸಿಗುತ್ತದೆಯೇ ಎಂದು ಗುಜರಿ ಅಂಗಡಿಯಲ್ಲಿ ಹುಡುಕುತ್ತಿದ್ದಾನೆ.