ಆ ಒಂದು ನಮಸ್ಕಾರ

ಈಗೀಗ ನುಡಿನಮನದ ಸಭೆಗಳಿಗೆ ಹೋಗುವುದು ಜಾಸ್ತಿಯಾಗಿದೆ. ಐವತ್ತೈದು ದಾಟಿದ ಮೇಲೆ ಮದುವೆ ಕಾರ್ಡು ಬರುವುದು ಕಡಿಮೆಯಾಗಿ ಇವು ಹೆಚ್ಚುತ್ತವೆ. ಫೋಟೋಗೆ ಸುಗಂಧರಾಜದ ಹಾರ. ಅದರ ಮುಂದೊಂದು ದೀಪ. ಫ್ಯಾನಿನ ಗಾಳಿಗೆ ದೀಪ ಆರದ ಹಾಗೆ ನೋಡಿಕೊಳ್ಳಲಿಕ್ಕೇ ಒಬ್ಬರು. ಆಮೇಲೆ ಭಾಷಣ ಶುರು.

"ನನಗೂ ಅವರಿಗೂ ನಲವತ್ತು ವರ್ಷದ ಒಡನಾಟ" ಅಂತಲೇ ಎಲ್ಲರೂ ಆರಂಭಿಸುತ್ತಾರೆ. ಮೊದಲ ಐದು ನಿಮಿಷ ಹೋದವರ ಬಗ್ಗೆ. ಉಳಿದ ಹದಿನೈದು ನಿಮಿಷ ಮೈಕಿನ ಮುಂದೆ ಇರುವವರ ಬಗ್ಗೆ. ಅವರು ನಮ್ಮ ಮನೆಗೆ ಬಂದರೆ ನಮ್ಮಾಕೆ ಮಾಡಿದ ಉಪ್ಪಿಟ್ಟನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು, ನನ್ನನ್ನು ಕೇಳದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ... ಫೋಟೋದಲ್ಲಿರುವವರು 'ಇಲ್ಲಪ್ಪ, ಹಾಗಲ್ಲ' ಅನ್ನುವ ಹಾಗಿಲ್ಲ. ಅದೇ ದೊಡ್ಡ ಅನುಕೂಲ.

ಬಸವನಗುಡಿ ಕಡೆಯ ಹಳಬರ ಹತ್ತಿರವಂತೂ ಇಂಥ ಸರಕು ಬೇಕಾದಷ್ಟಿದೆ. ಮಾಸ್ತಿಯವರು ಗವೀಪುರದ ಮನೆಯಿಂದ ಕ್ಲಬ್ಬಿಗೆ ಹೋಗುತ್ತಿದ್ದದ್ದನ್ನು ನೋಡಿದವರು ಎಷ್ಟು ಜನ! ಅವರು ತೀರಿಕೊಂಡದ್ದು 1986ರ ಜೂನ್ 6ರಂದು, ತೊಂಬತ್ತೈದು ತುಂಬಿದ ಹುಟ್ಟುಹಬ್ಬದ ದಿನವೇ. ಅವತ್ತಿಂದ ಈಚೆಗೆ ಅವರನ್ನು ನೋಡಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಲೆಕ್ಕಕ್ಕೆ ಸಿಗದ ವಿಷಯ, ಬಿಡಿ.

ನಾನೇನು ಕಮ್ಮಿಯಿಲ್ಲ. ನನ್ನ ಹತ್ತಿರವೂ ಒಂದಿದೆ. ಎಚ್. ನರಸಿಂಹಯ್ಯನವರದು.

ನ್ಯಾಷನಲ್ ಕಾಲೇಜಿನಲ್ಲಿ ನಾನು ಪಿಯುಸಿ ಓದುತ್ತಿದ್ದಾಗ ಎಚ್ಚೆನ್ ಅಲ್ಲೇ ಹಾಸ್ಟೆಲಿನ ಒಂದು ಕೋಣೆಯಲ್ಲಿ ಇದ್ದರು. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡ ಮನೆಯ ಹುಡುಗ, ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಅಮೆರಿಕಕ್ಕೆ ಹೋಗಿ ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ ಡಾಕ್ಟರೇಟ್ ಮಾಡಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಎಲ್ಲ ಮುಗಿಸಿ ಮತ್ತೆ ಅದೇ ಕೋಣೆ, ಅದೇ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ಮದುವೆ ಮಾಡಿಕೊಳ್ಳಲಿಲ್ಲ, ಸ್ವಂತ ಮನೆ ಮಾಡಲಿಲ್ಲ. ದೇವಮಾನವರಿಗೆ ನಿಮ್ಮ ಪವಾಡ ತೋರಿಸಿ, ಪರೀಕ್ಷೆ ಮಾಡೋಣ ಅಂತ ಸವಾಲು ಹಾಕಿದವರು. ನಮಗೆಲ್ಲ ಅವರನ್ನು ಕಂಡರೆ ಭಯ ಅಲ್ಲ, ಅದಕ್ಕೂ ಮೇಲಿನದು ಏನೋ.

ಒಂದು ಸಂಜೆ ನಾನೂ ನನ್ನ ಗೆಳೆಯನೂ ಪ್ರಾಕ್ಟಿಕಲ್ ಮುಗಿಸಿ ಬರುತ್ತಿದ್ದೆವು. ಎದುರಿಗೆ ಎಚ್ಚೆನ್. ಕಂಕುಳಲ್ಲಿ ಕ್ಲಾರ್ಕ್ಸ್ ಟೇಬಲ್ ಅನ್ನುವ ಲಾಗರಿದಮ್ ಪುಸ್ತಕ ಇದೆ ಅನ್ನುವುದನ್ನೂ ಮರೆತು ನಾನು ಕೈ ಮುಗಿದೆ. ಪುಸ್ತಕ ದೊಪ್ಪನೆ ಬಿತ್ತು. ಅದರೊಳಗೆ ಇಟ್ಟಿದ್ದ ಬಸ್ ಪಾಸು ಅತ್ತ ಹಾರಿತು. ಅವರು ಎರಡೂ ಕೈ ಎತ್ತಿ ನಮಸ್ಕಾರ ಮಾಡಿ, ಹಾಗೇ ನಡೆದುಬಿಟ್ಟರು. ಬಗ್ಗಿ ಪಾಸು ಹೆಕ್ಕಿಕೊಳ್ಳುವಾಗ ಗೊತ್ತಾಯಿತು, ನನ್ನ ಹಿಂದೆ ಒಬ್ಬ ಪ್ರೊಫೆಸರು ಕೈ ಜೋಡಿಸಿಕೊಂಡು ನಿಂತಿದ್ದರು.

ಅಷ್ಟೇ. ಒಂದು ಮಾತೂ ಇಲ್ಲ. ಮುಂದೆ ಕಾಲೇಜಿನ ಸೈನ್ಸ್ ಫೋರಮ್ಮಿನ ಉಪನ್ಯಾಸಗಳಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಅವರನ್ನು ಎಷ್ಟೋ ಸಲ ನೋಡಿದ್ದೇನೆ. ಹತ್ತಿರ ಹೋಗಲಿಲ್ಲ. ಹೋಗಿ ಏನು ಹೇಳುವುದು?

ಆದರೆ ಕಥೆ ಸುಮ್ನೆ ಇರಲಿಲ್ಲ. ಅವತ್ತು ರಾತ್ರಿ ಅಮ್ಮನಿಗೆ ಹೇಳಿದಾಗ ಪ್ರೊಫೆಸರು ನನ್ನ ಬೆನ್ನ ಹಿಂದೆಯೇ ಇದ್ದರು. ಕೆಲಸಕ್ಕೆ ಸೇರಿ ಆಫೀಸಿನಲ್ಲಿ ಹೇಳುವಾಗ ಹತ್ತು ಹೆಜ್ಜೆ ದೂರ ಹೋಗಿದ್ದರು. 2005ರ ಜನವರಿ ಕೊನೆಯಲ್ಲಿ ಎಚ್ಚೆನ್ ತೀರಿಕೊಂಡರು ನೋಡಿ, ಆಮೇಲೆ ಪ್ರೊಫೆಸರು ಪೂರ್ತಿ ನಿವೃತ್ತರಾದರು. ಮಗಳಿಗೆ ಹೇಳುವಾಗ ಎಚ್ಚೆನ್ ಒಂದು ಕ್ಷಣ ನಿಂತು, ಬಿದ್ದ ಪುಸ್ತಕ ನೋಡಿ ನಕ್ಕಿದ್ದರು. ನಗಲಿಲ್ಲ ಅಂತ ನನಗೆ ಗೊತ್ತು. ಆದರೂ ಈಗ ಕಣ್ಣು ಮುಚ್ಚಿದರೆ ಆ ನಗುವೇ ಕಾಣುತ್ತದೆ, ಏನು ಮಾಡಲಿ?

ಹೋದ ತಿಂಗಳು ಹಳೇ ವಿದ್ಯಾರ್ಥಿಗಳು ಒಂದಷ್ಟು ಜನ ಸೇರಿದ್ದೆವು. ಮಾತು ಎಚ್ಚೆನ್ ಕಡೆ ತಿರುಗಿತು. ನಾನು ಎದ್ದು ನಿಂತು ನನ್ನ ನಮಸ್ಕಾರದ ಕಥೆ ಹೇಳಿದೆ, ನಗು ಸಮೇತ. ಚಪ್ಪಾಳೆ ಬಿತ್ತು. ಕೂತ ಮೇಲೆ ನೋಡಿದರೆ ಎದುರು ಸಾಲಿನಲ್ಲಿ ಆ ಗೆಳೆಯ! ಬಂದಿದ್ದಾನೆ ಅಂತಲೇ ಗೊತ್ತಿರಲಿಲ್ಲ. ಎದೆ ಧಸಕ್ಕೆಂದಿತು. ಆ ಸಂಜೆಗೆ ಉಳಿದಿರುವ ಸಾಕ್ಷಿ ಅವನೊಬ್ಬನೇ.

ಕಾಫಿಯ ಹೊತ್ತಿಗೆ ಹತ್ತಿರ ಬಂದ. ಲೋಟ ಕೈಗಿಟ್ಟು, ಹೆಗಲ ಮೇಲೆ ಕೈ ಹಾಕಿ, ಪಿಸುಮಾತಿನಲ್ಲಿ ಹೇಳಿದ:

"ಚೆನ್ನಾಗಿ ಹೇಳಿದೆ ಕಣೋ. ಆದರೆ ಅವತ್ತು ಅವರು ನಮಸ್ಕಾರ ಮಾಡಿದ್ದು ನನಗೆ. ನಾನು ನಿನ್ನ ಹಿಂದೆ ಇದ್ದೆನಲ್ಲ. ನಲವತ್ತು ವರ್ಷದಿಂದ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ."

"ಮತ್ತೆ ಆ ಪ್ರೊಫೆಸರು?" ಅಂದೆ.

"ಯಾವ ಪ್ರೊಫೆಸರು?" ಅಂದ.